ಬಾರದವರ ಪಟ್ಟಿ

ಈ ಕಥೆಯ ನಾಲ್ಕು ಪಾಠಗಳು, ಅಂದರೆ ನಾಲ್ಕು ಕಡೆ ನಾಲ್ಕು ಬಗೆಯಾಗಿ ಹೇಳಿದ ರೂಪಗಳು, ನನ್ನ ಸಂಗ್ರಹದಲ್ಲಿವೆ. ಶ್ರೀರಂಗಪಟ್ಟಣದ ಪಾಠ ನದಿಯ ಮೆಟ್ಟಿಲ ಮೇಲೆ ದೊರೆತದ್ದು. ಅದರಲ್ಲಿ ಕಥಾನಾಯಕನನ್ನು ಶುದ್ಧ ಪೆದ್ದನೆಂದು ಕರೆಯಲಾಗಿದೆ. ಕೆ.ಆರ್. ಪೇಟೆಯ ಪಾಠವನ್ನು ಹೇಳಿದವರು ಇದೆಲ್ಲ ಗೋವಿಂದನಹಳ್ಳಿಯಲ್ಲೇ ನಡೆಯಿತೆಂದು ದೇವಸ್ಥಾನದ ಕಡೆ ಕೈಮಾಡಿ ಆಣೆಯಿಟ್ಟರು. ನಾಗಮಂಗಲದ ಪಾಠದ ಕೊನೆಯಲ್ಲಿ ಒಬ್ಬ ಡಾಕ್ಟರು ಅಳುತ್ತಾನೆ. ಆ ಅಳುವಿಗೆ ಬೇರೆಲ್ಲೂ ಆಧಾರ ಸಿಗದ ಕಾರಣ ಅದನ್ನು ಕೈಬಿಟ್ಟಿದ್ದೇನೆ. ಪಾಂಡವಪುರದ ಪಾಠವೊಂದೇ ಘಟನೆಯಲ್ಲಿ ಪಾಲ್ಗೊಂಡವರ ಬಾಯಿಂದ ಬಂದದ್ದು. ಅವರೂ ತಂತಮ್ಮ ಪಾತ್ರವನ್ನು ಒಂದಿಷ್ಟು ಹಿಗ್ಗಿಸಿಯೇ ಹೇಳಿದರು. ಹಿಗ್ಗಿದ ಭಾಗಗಳನ್ನು ನಾನು ಕತ್ತರಿಸಿಲ್ಲ. ಮನುಷ್ಯ ತನ್ನ ಕಥೆಯನ್ನು ಎಲ್ಲಿ ಹಿಗ್ಗಿಸುತ್ತಾನೆ ಎಂಬುದೂ ಸಂಗ್ರಹಯೋಗ್ಯವೇ.

ತೊಣ್ಣೂರು ಕೆರೆಯಿಂದ ಎರಡು ಹರದಾರಿ ದೂರದ ಬೇಲಿಕೊಪ್ಪಲಿನಲ್ಲಿ ಚಲುವರಾಜು ಎಂಬ ನಲವತ್ತೆಂಟು ವರ್ಷದ ಗೃಹಸ್ಥನಿದ್ದಾನೆ. ಗದ್ದೆಯಲ್ಲಿ ಭತ್ತ, ಕೊಟ್ಟಿಗೆಯಲ್ಲಿ ಎರಡು ಹಸು, ಮನೆಯಲ್ಲಿ ಹೆಂಡತಿ ರಮ್ಯ. ಇಷ್ಟು ಎಲ್ಲರಿಗೂ ಇರುತ್ತದೆ. ಚಲುವರಾಜುವಿಗೆ ವಿಶೇಷವಾಗಿ ಇದ್ದದ್ದು ಜನ ಸೇರಿಸುವ ವಿದ್ಯೆ. ಕಣ್ಣಿನ ಶಿಬಿರಕ್ಕೆ ಕಣ್ಣು, ರಕ್ತದಾನಕ್ಕೆ ರಕ್ತ, ಸಭೆಗಳಿಗೆ ಚಪ್ಪಾಳೆ, ಎಲ್ಲವನ್ನೂ ಆತ ಒದಗಿಸುತ್ತಿದ್ದ. ಯಾರಾದರೂ ಸಮಾರಂಭದ ಮಾತೆತ್ತಿದರೆ ಸಾಕು, "ಎಷ್ಟ್ ಜನ ಬೇಕು ಯೋಳಿ. ಕುಂತ್ಕಳೋರು ಬೇಕಾ, ನಿಂತ್ಕಳೋರು ಬೇಕಾ?" ಎಂದು ಕೇಳಿಬಿಡುತ್ತಿದ್ದ. ಈ ಸೇವೆಗೆಲ್ಲ ಆತನಿಗೆ ದೊರೆಯುತ್ತಿದ್ದದ್ದು ವೇದಿಕೆಯ ಹಿಂದೆ ನಿಲ್ಲುವ ಹಕ್ಕು ಮಾತ್ರ.

ಹೀಗಿರುವಾಗ ಮೈಸೂರಿನ ಒಂದು ಸಂಶೋಧನಾ ಸಂಸ್ಥೆ ಆತನನ್ನು ಹುಡುಕಿಕೊಂಡು ಬಂದಿತು. ಅರವತ್ತೈದು ದಾಟಿದವರು ದಿನಕ್ಕೆ ಎಷ್ಟು ಓಡಾಡುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಅಳೆಯುವುದು ಸಂಸ್ಥೆಯ ಉದ್ದೇಶ. ಹಿರಿಯರನ್ನು ಮಾತನಾಡಿಸಿ ಅಧ್ಯಯನಕ್ಕೆ ಕರೆತರಲು ಒಬ್ಬ ಕ್ಷೇತ್ರ ಸಂಯೋಜಕ ಬೇಕಿತ್ತು. ಮೊದಲು ಒಂದು ತಿಂಗಳು ಪರೀಕ್ಷಾರ್ಥ; ಗೆದ್ದರೆ ಎರಡು ವರ್ಷ. ಮೊಹರು ಬಿದ್ದ ಪತ್ರವೂ ಭಾವಚಿತ್ರವಿರುವ ಕೊರಳ ಕಾರ್ಡೂ ಬಂದವು. ತನ್ನ ಹೆಸರಿನ ಮುಂದೆ ಅಚ್ಚಾದ 'ಶ್ರೀ' ಎಂಬ ಅಕ್ಷರವನ್ನು ಚಲುವರಾಜು ಹುಟ್ಟಿದ ಮೇಲೆ ಮೊದಲ ಸಲ ಕಂಡ. ಹಾಲು ಕರೆಯುವಾಗಲೂ ಕಾರ್ಡು ತೆಗೆಯುತ್ತಿರಲಿಲ್ಲ. ಮೊದಲ ದಿನ ಹಸು ಒದೆಯಿತು. ಎರಡನೆಯ ದಿನ ಅದೂ ಒಗ್ಗಿಕೊಂಡಿತು.

ಮೊದಲ ವಾರದಲ್ಲೇ ಆತ ಶ್ರೀರಂಗಪಟ್ಟಣಕ್ಕೆ ಹೋಗಿ, ನದಿಯ ದಂಡೆಯಲ್ಲಿ ನಸುಕಿಗೇ ಬಿರುಸಾಗಿ ನಡೆಯುವ ಹದಿನಾಲ್ಕು ಮಂದಿ ಹಿರಿಯರನ್ನು ಒಂದೇ ವ್ಯಾನಿನಲ್ಲಿ ತುಂಬಿ ಸಂಸ್ಥೆಯ ಪಾಂಡವಪುರದ ಕಚೇರಿಯ ಮುಂದೆ ಇಳಿಸಿದ. ಹದಿನಾಲ್ಕು ಜೊತೆ ಬಿಳಿ ಬೂಟುಗಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದವು. ಅವರಲ್ಲೊಬ್ಬರು, ರವೀಂದ್ರ ಎಂಬ ನಿವೃತ್ತ ವ್ಯಾಯಾಮ ಶಿಕ್ಷಕರು, ಯಾರೂ ಕೇಳದಿದ್ದರೂ ಹತ್ತು ಬಸ್ಕಿ ಹೊಡೆದು ತೋರಿಸಿದರು.

ಕಚೇರಿಯ ಮುಖ್ಯಸ್ಥೆ ರಂಜಿತ. ಮಾಕವಳ್ಳಿ ಕಡೆಯ ಹುಡುಗಿ, ಓದಿದ್ದು ಮೈಸೂರಿನಲ್ಲಿ. ಸಮಾಧಾನದಲ್ಲಿದ್ದಾಗ ಪುಸ್ತಕದ ಕನ್ನಡವನ್ನೂ, ಸಿಟ್ಟು ಬಂದಾಗ ಮಾಕವಳ್ಳಿಯ ಕನ್ನಡವನ್ನೂ ಆಡುತ್ತಾಳೆಂದು ಕಥೆ ಹೇಳಿದವರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ.

"ಇವರನ್ನೆಲ್ಲ ಯಾಕೆ ಕರ್ಕೊಂಡು ಬಂದ್ರಿ?"

"ಫಸ್ಟ್ ಕ್ಲಾಸ್ ಜನ ಮೇಡಂ. ಒಬ್ರುಗೂ ಮಂಡಿನೋವಿಲ್ಲ."

"ಅದೇ ತೊಂದರೆ. ಇವರನ್ನು ಅಳೆದು, ಜಿಲ್ಲೆಯ ಮುದುಕರೆಲ್ಲ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾರೆ ಅಂತ ಬರೆಯೋದಾ? ಕೇಳಿದ ತಕ್ಷಣ ಓಡಿ ಬರೋರು ಎಲ್ಲ ಅಧ್ಯಯನಕ್ಕೂ ಸಿಗ್ತಾರೆ. ಬಾರದೋರ ಸುದ್ದಿಯೇ ಯಾರಿಗೂ ಗೊತ್ತಿಲ್ಲ. ನನಗೆ ಬೇಕಾಗಿರೋದು ಬಾರದೋರು."

ರವೀಂದ್ರ ಮೇಷ್ಟರು ಹನ್ನೊಂದನೆಯ ಬಸ್ಕಿಯನ್ನು ಅರ್ಧಕ್ಕೆ ನಿಲ್ಲಿಸಿದರು.

ರಂಜಿತ ಒಂದು ಹಾಳೆಯನ್ನು ಚಲುವರಾಜುವಿನ ಕೈಗಿತ್ತಳು. ಬೇಲಿಕೊಪ್ಪಲಿನ ಮತದಾರರ ಪಟ್ಟಿಯಿಂದ ಕಂಪ್ಯೂಟರು ಮುಖ ನೋಡದೆ ಎತ್ತಿದ ಹತ್ತು ಹೆಸರು. ಬದಲಿ ಹೆಸರಿಗೆ ಅವಕಾಶವಿಲ್ಲ. ಒಪ್ಪಿದವರ ಸೊಂಟಕ್ಕೆ ಓಡಾಟ ಅಳೆಯುವ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಕಟ್ಟಲಾಗುವುದು. ಏಳು ದಿನ ಎಂದಿನಂತೆ ಬದುಕಿಕೊಂಡಿದ್ದರೆ ಸಾಕು.

"ಶುಕ್ರವಾರ ನಿಮ್ಮೂರ ಶಾಲೆಗೆ ಬರ್ತೀವಿ. ಐದು ಗಂಟೆಯೊಳಗೆ ಹತ್ತೂ ಜನರ ಒಪ್ಪಿಗೆ ಬೇಕು. ಯಾರನ್ನೂ ಒತ್ತಾಯ ಮಾಡೋ ಹಾಗಿಲ್ಲ. ಆದರೆ ಒಬ್ಬರು ತಪ್ಪಿದ್ರೂ ಕಾರ್ಡು ವಾಪಸ್ಸು ಕೊಡಬೇಕಾಗುತ್ತೆ."

ಕೊನೆಯ ಈ ಎರಡು ವಾಕ್ಯಗಳು ಪರಸ್ಪರ ಹೇಗೆ ಹೊಂದುತ್ತವೆಂದು ಚಲುವರಾಜು ಕೇಳಲಿಲ್ಲ. ಕಚೇರಿಗಳಲ್ಲಿ ಇಂಥ ವಾಕ್ಯಗಳು ಅಕ್ಕಪಕ್ಕದಲ್ಲಿ ಬಹುಕಾಲದಿಂದ ಸಂಸಾರ ಮಾಡಿಕೊಂಡಿವೆ. ಆತನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ ಮಾತು. ಬಸ್ಸಿನಲ್ಲಿ ಊರು ತಲುಪುವಷ್ಟರಲ್ಲಿ ಆತ ಅದನ್ನು ಹೀಗೆ ಬಿಡಿಸಿಕೊಂಡಿದ್ದ: ಬರುತ್ತೇನೆ ಎಂದವನು ಬರುವವನು, ಅವನು ಬೇಡ. ಬರುವುದಿಲ್ಲ ಎಂದವನು ಬಾರದವನು, ಅವನೇ ಬೇಕು. ಹಾಗಾಗಿ ಮೊದಲು ಬರುವುದಿಲ್ಲ ಎನ್ನಿಸಬೇಕು, ಆಮೇಲೆ ಕರೆತರಬೇಕು. ಈ ತರ್ಕವನ್ನು ನಾನು ಹಲವು ಬಾರಿ ಪರೀಕ್ಷಿಸಿದ್ದೇನೆ. ತಪ್ಪಿದೆಯೆಂಬುದು ನಿಶ್ಚಯ, ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ.

ಪಟ್ಟಿಯ ಮೊದಲ ಹೆಸರು ಬೋರಯ್ಯನವರದು. ಎಪ್ಪತ್ತೊಂದು ವರ್ಷದ ಬೋರಯ್ಯ ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದರು.

"ಬೋರಣ್ಣ, ನಮ್ ಮೇಡಂ ಬಂದು ಸೊಂಟಕ್ಕೊಂದ್ ಪೆಟ್ಗೆ ಕಟ್ತಾರೆ, ಏಳ್ ದಿನ. ಶುಕ್ರವಾರ ಇಸ್ಕೂಲ್ ತಕೆ ಬತ್ತೀರಾ?"

"ಅದ್ಕೇನಪ್ಪ, ಬತ್ತೀನಿ."

ಚಲುವರಾಜುವಿನ ಮುಖ ಸೊರಗಿತು.

"ಒಸಿ ಯೋಚ್ನೆ ಮಾಡ್ಬುಟ್ಟು ಯೋಳಿ."

"ಮಾಡ್ದೆ. ಬತ್ತೀನಿ."

"ಅಂಗ್ ಒಂದೇ ಸಲಕ್ಕೆ ಒಪ್ಬಾರ್ದು ಬೋರಣ್ಣ. ಕರೆಂಟ್ ಗಿರೆಂಟ್ ಒಡದ್ರೆ ಏನ್ ಮಾಡೀರಿ?"

"ಒಡಿಯಂಗಿದ್ರೆ ಆ ಎಣ್ಮಗ ಊರೂರ್ ತುಂಬಾ ಕಟ್ಕಂಡ್ ಬತ್ತಿದ್ಲಾ?"

"ನಿಮ್ ಮಗ ಬ್ಯಾಡ ಅಂದ್ರೆ?"

"ಅವ್ನ್ ಬ್ಯಾಡ ಅಂದ್ರೆ ಎರಡ್ ಪೆಟ್ಗೆ ಕಟ್ಕತೀನಿ."

"ಬೋರಣ್ಣ, ನಿಮ್ ಕಾಲ್ಗ್ ಬೀಳ್ತೀನಿ. ಒಂದೇ ಒಂದ್ಸಲ ಬರಾಕಿಲ್ಲ ಅನ್ನಿ. ಆಮ್ಯಾಕೆ ನಾನ್ ಒಪ್ಪುಸ್ಕತೀನಿ."

ಬೋರಯ್ಯ ಹಗ್ಗವನ್ನು ಕೆಳಗಿಟ್ಟು ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಲೇ ಚಲುವ, ಬೆಳಿಗ್ಗೆ ಏನಾರ ತಿಂದ್ಯೇನ್ಲಾ?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರನ್ನು ಸುತ್ತಿ ಬಂದಿತು. ಬರುತ್ತೇನೆ ಎಂದವರನ್ನು ಸರ್ಕಾರ ಬೇಡವೆನ್ನುತ್ತದೆಯಂತೆ. ಬರುವುದಿಲ್ಲ ಎಂದವರ ಕಾಲಿಗೆ ಬಿದ್ದು ಕರೆದೊಯ್ಯುತ್ತದೆಯಂತೆ. ಊರಿನ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮದುವೆಮನೆಗೆ ಒಂದೇ ಕರೆಗೆ ಎದ್ದು ಹೊರಡುವವನನ್ನು ಅಲ್ಲಿ ಯಾರೂ ದೊಡ್ಡ ಮನುಷ್ಯನೆಂದು ಪರಿಗಣಿಸುವುದಿಲ್ಲ. ಸರ್ಕಾರಕ್ಕೆ ಕೊನೆಗೂ ಮರ್ಯಾದೆ ತಿಳಿಯಿತೆಂದು ಸಂತೋಷಪಟ್ಟರು.

ಆ ದಿನ ಸಂಜೆ ಅರಳಿಕಟ್ಟೆಗೆ ಚೌಡಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಎಪ್ಪತ್ತು ದಾಟಿದ, ಹಿಂದೊಮ್ಮೆ ಪಂಚಾಯಿತಿ ಅಧ್ಯಕ್ಷರಾಗಿದ್ದ ಗೌಡರು.

"ನಾನಂತೂ ಬರಾಕಿಲ್ಲ ಕಣ್ಲಾ. ಬರ್ಕೊ."

"ಗೌಡ್ರೆ, ಪಟ್ಟೀಲಿ ನಿಮ್ಮೆಸ್ರೇ ಇಲ್ವಲ್ಲ."

"ಇಲ್ದಿದ್ರೆ ಏನಾಯ್ತು? ನಾ ಬರಾಕಿಲ್ಲ ಅನ್ನಾದು ಬೋರನ ಬರಾಕಿಲ್ಲಕ್ಕಿಂತ ಕಮ್ಮೀನಾ?"

"ಬೋರಣ್ಣ ಬತ್ತೀನಿ ಅಂದ್ಬುಟ್ಟವ್ರೆ."

"ನೋಡ್ದಾ! ಅಂತೋನ್ ಎಸ್ರು ಅದೆ, ನನ್ನೆಸ್ರಿಲ್ಲ. ಆ ಕಂಪ್ಯೂಟ್ರು ಯಾವೂರ್ದ್ಲಾ?"

ಚೌಡಯ್ಯನವರ ನಿರಾಕರಣೆಯನ್ನು ಬರೆದುಕೊಳ್ಳದೆ ಗತ್ಯಂತರವಿರಲಿಲ್ಲ. ಅದನ್ನು ನೋಡಿ ಮತ್ತೆ ಏಳು ಮಂದಿ ಸಾಲಾಗಿ ನಿಂತು ನಿರಾಕರಿಸಿದರು. ಮರುದಿನ ಗೋವಿಂದನಹಳ್ಳಿಯಿಂದ ಮೂವರು ಬಂದು, ತಾವೂ ಬರುವುದಿಲ್ಲವೆಂದು ಬರೆಸಿ, ಕಾಫಿ ಕುಡಿದು ಹಿಂದಿರುಗಿದರು. ಕೆ.ಆರ್. ಪೇಟೆಯ ಪಾಠ ಹುಟ್ಟಿದ್ದು ಇಲ್ಲಿಂದಲೇ ಎಂಬುದು ನನ್ನ ಅನುಮಾನ. ನಾಗಮಂಗಲದಿಂದ ಚಲುವರಾಜುವಿನ ಷಡ್ಡಕ ಫೋನು ಮಾಡಿ, ತನ್ನ ತಂದೆ ಮೂರು ದಿನದಿಂದ ಬರುವುದಿಲ್ಲ ಎನ್ನುತ್ತ ಕೂತಿದ್ದಾರೆ, ಕರೆಯಲು ಯಾವಾಗ ಬರುತ್ತೀಯ ಎಂದು ವಿಚಾರಿಸಿದ.

ಪಟ್ಟಿಯಲ್ಲಿ ಇದ್ದವರದು ಇನ್ನೊಂದು ತೊಡಕು. ನಾಲ್ಕನೆಯ ಹೆಸರು ಪುಟ್ಟಗೌರಮ್ಮನವರದು. ಚಲುವರಾಜು ಬೈಕಿನಿಂದ ಇಳಿಯದೆ, ರಸ್ತೆಯಿಂದಲೇ, "ಅಜ್ಜಿ, ಶುಕ್ರವಾರ ಬತ್ತೀರಾ?" ಎಂದು ಕೂಗಿದ್ದಕ್ಕೆ ಆಕೆ ಬಾಗಿಲು ಹಾಕಿಕೊಂಡರು. ಒಳಗಿನಿಂದ ದನಿ ಮಾತ್ರ ಬಂದಿತು.

"ಬೀದೀಲಿ ನಿಂತ್ಕಂಡ್ ಕೂಗಾಕೆ ನಾನೇನ್ ಸೊಪ್ಪು ಮಾರೋಳೇನ್ಲಾ? ಮನಿಗ್ ಬಂದ್ ಕರ್ದ್ರೆ ಮಾತು."

"ಬಂದೆ ಬುಡಿ ಅಜ್ಜಿ."

"ಬರಿಗೈಲಾ?"

ಆತ ಸೋತು ಮನೆಗೆ ಹೋಗಿ ರಮ್ಯಳ ಮುಂದೆ ಕುಳಿತ. ಆಕೆ ರೊಟ್ಟಿ ತಟ್ಟುತ್ತಲೇ ಎಲ್ಲವನ್ನೂ ಕೇಳಿದಳು.

"ವೀಳ್ಯದೆಲೆ ಇಲ್ಲ, ಕುಂಕುಮ ಇಲ್ಲ, ಗೋಡೆಗ್ ನೋಟೀಸ್ ಅಂಟಸ್ದಂಗೆ ಕರದ್ರೆ ಯಾರ್ ಬತ್ತಾರೆ? ಅದೂ ಎಣ್ಣೆಂಗಸ್ರು."

"ಕುಂಕುಮ ನಾನ್ ಇಡಕಾಯ್ತದಾ?"

"ಕಾರ್ಡ್ ನೇತಾಕ್ಕಂಡ್ ಇಟ್ಬುಟ್ಟೀರಿ, ಚಪ್ಲೀಲಿ ಒಡ್ಸ್ಕಂಡ್ ಬತ್ತೀರಿ. ನಾನೇ ಬತ್ತೀನಿ ನಡೀರಿ."

ಹೀಗೆ ವೈಜ್ಞಾನಿಕ ಸಂಶೋಧನೆಯ ಆಹ್ವಾನ ಗಂಡಹೆಂಡಿರು ಜೋಡಿಯಾಗಿ ಮನೆಮನೆಗೆ ಹೋಗಿ ಕರೆಯುವ ಮದುವೆಯ ಕ್ರಮಕ್ಕೆ ತಿರುಗಿತು. ಚಲುವರಾಜು ಪಟ್ಟಿ ಓದುವನು. ರಮ್ಯ ಕುಂಕುಮವಿಟ್ಟು ವೀಳ್ಯ ಕೊಡುವಳು. ಬಾಗಿಲು ದಾಟುವಾಗ ಅಭ್ಯಾಸಬಲದಿಂದ ಆಕೆ ಪ್ರತಿ ಮನೆಯಲ್ಲೂ, "ಮನೆಮಂದಿಯೆಲ್ಲಾ ಬಂದ್ಬುಡಿ ಕಣ್ರವ್ವ" ಎಂದಳು. ಕಂಪ್ಯೂಟರು ಅಷ್ಟು ದೂರ ಯೋಚಿಸಿರಲಿಲ್ಲ. ಪುಟ್ಟಗೌರಮ್ಮ ಎರಡು ಸಲ ಆಗುವುದಿಲ್ಲವೆಂದು, ಮೂರನೆಯ ಸಲ ಒಪ್ಪಿದರು. ಬುಧವಾರ ಸಂಜೆಗೆ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: ಸಿದ್ದಲಿಂಗಮ್ಮ, ಎಪ್ಪತ್ತನಾಲ್ಕು.

ಆ ಮನೆಯ ಗೇಟಿನಲ್ಲಿ ಸಿದ್ದಲಿಂಗಮ್ಮನವರ ಮಗ ತಿಮ್ಮೇಶ ಹಾಲಿನ ಕ್ಯಾನು ತೊಳೆಯುತ್ತಿದ್ದ. ಒಳ್ಳೆಯ ಹುಡುಗ, ತಾಯಿಗೆ ಬೇಕಾದ್ದನ್ನೆಲ್ಲ ಕೇಳುವ ಮೊದಲೇ ತಂದಿಡುವವನು.

"ನಮ್ಮವ್ವನಾ? ಎಲ್ಗೂ ಬರಾಕಿಲ್ಲ ಬುಡಣ್ಣ."

ತಿಮ್ಮೇಶನ ಹೆಂಡತಿ ಅನಿತ ಕಸದ ಬುಟ್ಟಿ ಹಿಡಿದು ಹೊರಬಂದವಳು ದನಿಗೂಡಿಸಿದಳು. "ಅತ್ತೆಮ್ಮ ಹೊಸ್ಲು ದಾಟಿ ಹತ್ತ್ ವರ್ಸಾಯ್ತು ಕಣಣ್ಣ."

ಜಗಲಿಯ ಮೇಲಿದ್ದ ಸಿದ್ದಲಿಂಗಮ್ಮನವರ ಗಂಡ ಮಂಚಯ್ಯ, "ಅವ್ಳು ಬರಾಕಿಲ್ಲ" ಎಂದು ಷರಾ ಬರೆದಂತೆ ಹೇಳಿದರು. ಎದುರುಮನೆಯವರು, ಹಿಂದಿನ ಮನೆಯವರು, ದಾರಿಯಲ್ಲಿ ಹೋಗುತ್ತಿದ್ದವರು ಸಹ ಅದನ್ನೇ ದೃಢಪಡಿಸಿದರು.

ರಮ್ಯ ಕುಂಕುಮದ ಭರಣಿ ಹಿಡಿದು ಒಳಗೆ ಹೋಗಲು ಹೆಜ್ಜೆಯಿಟ್ಟಳು. ಚಲುವರಾಜು ತಡೆದ. ಆತನ ಕಣ್ಣುಗಳಲ್ಲಿ ನೀರಾಡಿತ್ತೆಂದು ರಮ್ಯ ಹೇಳುತ್ತಾಳೆ. ಇಷ್ಟು ದಿನ ಬೇಡಿದರೂ ಸಿಗದಿದ್ದ ಅಪ್ಪಟ, ಸಾಕ್ಷಿಸಮೇತ ಬಾರದವಳು ಕೊನೆಗೆ ಸಿಕ್ಕಿದ್ದಳು. ಕರೆದು ಅದನ್ನು ಕೆಡಿಸುವುದುಂಟೆ? ಹತ್ತು ಒಪ್ಪಿಗೆಯ ಷರತ್ತು ಆ ಸಂತೋಷದಲ್ಲಿ ಮರೆತೇಹೋಯಿತು. ಆತ ಆ ಹೆಸರಿನ ಮುಂದೆ ದೊಡ್ಡದಾಗಿ ಗುರುತು ಹಾಕಿ ಹಿಂದಿರುಗಿದ.

ಶುಕ್ರವಾರ ಮೂರು ಗಂಟೆಗೆ ರಂಜಿತ ಶಾಲೆಯ ಅಂಗಳಕ್ಕೆ ಬಂದಿಳಿದಾಗ ಅಲ್ಲಿ ಎಪ್ಪತ್ತಕ್ಕೆ ಕಡಿಮೆಯಿಲ್ಲದ ಜನರಿದ್ದರು. ರೇಷ್ಮೆ ಸೀರೆಗಳು, ಮಡಿಸಿದ ಪಂಚೆಗಳು, ಹೂವು ಮುಡಿದ ಮಕ್ಕಳು. ಕರೆದ ಮನೆಗೆ ಬರಿಗೈಯಲ್ಲಿ ಬಾರದ ಜನ. ಮೇಜಿನ ಮೇಲೆ ತೆಂಗಿನಕಾಯಿಗಳೂ ಒಂದು ಸ್ಟೀಲು ಕೊಳಗವೂ ಕುಳಿತಿದ್ದವು. ಪಟ್ಟಿಯಲ್ಲಿಲ್ಲದ ಚೌಡಯ್ಯನವರು ತಾವು ಬಂದಿಲ್ಲವೆಂದು ಎಲ್ಲರಿಗೂ ತಿಳಿಸುತ್ತ ಮುಂದಿನ ಸಾಲಿನಲ್ಲಿ ಕುಳಿತಿದ್ದರು.

"ಇದೇನಿದು?" ಎಂದಳು ರಂಜಿತ.

"ಒಂಬತ್ ಜನ ಮೇಡಂ. ಮಿಕ್ಕೋರು ಅವರ ಮನೆಮಂದಿ."

ರಂಜಿತ ಮೇಜಿನ ಮೇಲಿನ ತೆಂಗಿನಕಾಯಿಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಕಾಗದವನ್ನು ಓದಿ ಹೇಳಿ, ಒಪ್ಪಿಗೆ ಪಡೆದು, ತೂಕ ನೋಡಿ, ಕುರ್ಚಿಯಿಂದ ಏಳಿಸಿ ಕೂರಿಸಿ, ಪೆಟ್ಟಿಗೆ ಕಟ್ಟತೊಡಗಿದಳು. ಬೋರಯ್ಯನವರು ತಮಗೆ ಎರಡು ಕೊಡಬೇಕೆಂದು ಹಟ ಹಿಡಿದದ್ದನ್ನು ಬಿಟ್ಟರೆ ಕೆಲಸ ಸುಗಮವಾಗಿಯೇ ನಡೆಯಿತು. ನಾಲ್ಕು ಗಂಟೆಯ ಹೊತ್ತಿಗೆ ಒಂಬತ್ತು ಮುಗಿದವು.

"ಹತ್ತನೆಯವರು?"

ಚಲುವರಾಜು ಎದೆ ಸೆಟೆಸಿ ಪಟ್ಟಿಯನ್ನು ಮುಂದೆ ಹಿಡಿದ. "ನೀವ್ ಕೇಳಿದ್ರಲ್ಲ ಮೇಡಂ, ಬಾರದೋರು, ಅದು ಇವ್ರೇ. ಸಿದ್ಲಿಂಗಮ್ಮ. ಹತ್ತ್ ವರ್ಸದಿಂದ ಎಲ್ಗೂ ಬಂದಿಲ್ಲ. ಊರೇ ಸಾಕ್ಷಿ ಅದೆ."

"ಏನಂದ್ರು ಅವರು?"

"ಯಾರು?"

"ಸಿದ್ದಲಿಂಗಮ್ಮ."

ಚಲುವರಾಜು ಪಟ್ಟಿಯನ್ನು ನೋಡಿದ. "ಅವ್ರು ಬರಾಕಿಲ್ಲ ಅಂತ... ತಿಮ್ಮೇಶ ಅಂದ."

ಹೆಂಡತಿಸಮೇತ ಜನರ ನಡುವೆ ನಿಂತಿದ್ದ ತಿಮ್ಮೇಶನನ್ನು ಆತ ಕೈಮಾಡಿ ತೋರಿಸಿದ. ರಂಜಿತ ಅತ್ತ ತಿರುಗಿದಳು. "ನೀವು ಅವರನ್ನ ಕೇಳಿದ್ರಾ?"

"ಕೇಳಾದೇನು ಮೇಡಂ, ಗೊತ್ತಿರಾದೇ ಅಲ್ವಾ. ಅನಿತ, ನೀ ಕೇಳಿದ್ಯಾ?"

"ಮಾವನೋರ್ ಕೇಳಿರ್ತಾರೆ ಅನ್ಕಂಡಿದ್ದೆ."

"ನಾನ್ಯಾಕ್ ಕೇಳ್ಲವ್ವ?" ಎಂದರು ಮಂಚಯ್ಯ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಅವರು ಬಂದಿದ್ದರು. ಹತ್ತು ವರ್ಷದಿಂದ ಎಲ್ಲ ಮದುವೆಗಳಿಗೂ ಒಬ್ಬರೇ ಹೋಗಿ, ಇಬ್ಬರ ಪಾಲಿನ ಅಕ್ಷತೆ ಹಾಕಿ ಬರುವುದು ಅವರ ಪದ್ಧತಿ. "ಮನೇಲೇ ಇರ್ತಾಳಲ್ಲ."

ರಂಜಿತಳ ನೋಟ ಸಾಲಿನಿಂದ ಸಾಲಿಗೆ ಹೋಯಿತು. ಸಿದ್ದಲಿಂಗಮ್ಮನವರಿಂದ ಎರಡೇ ಮನೆ ಆಚೆಯಿರುವ ಪುಟ್ಟಗೌರಮ್ಮ ಯಾರೂ ಕೇಳುವ ಮೊದಲೇ ಸೆರಗು ಸರಿಪಡಿಸಿಕೊಂಡರು. "ನಮ್ ಮೊಮ್ಮಗೀನ ನಾಮಕರಣಕ್ಕೆ ನಾನೂ ಕರೀನಿಲ್ಲ ಕಣವ್ವ. ಎಂಗೂ ಬರಾಕಿಲ್ಲ ಅಂದ್ಕಂಡು ಗೇಟ್ನಲ್ಲೇ ಮಂಚಣ್ಣಂಗ್ ಯೋಳ್ಬುಟ್ ಬಂದೆ." ಇನ್ನೊಬ್ಬರು ಮಗನ ಮದುವೆಯನ್ನು ನೆನೆದರು, ಮತ್ತೊಬ್ಬರು ಗೃಹಪ್ರವೇಶವನ್ನು. ಚೌಡಯ್ಯನವರು ಏನನ್ನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದರು. ಅವರ ಜೀವನದಲ್ಲಿ ಇದು ಅಪರೂಪವಾದ್ದರಿಂದ ದಾಖಲಿಸಿದ್ದೇನೆ.

"ಇಷ್ಟ್ ಜನ ಇದ್ದೀರಿ,"  ಎಂದಳು ರಂಜಿತ. ಪುಸ್ತಕದ ಕನ್ನಡ ಅಷ್ಟರಲ್ಲಿ ಮುಗಿದುಹೋಗಿತ್ತು. "ಒಬ್ರಾದ್ರೂ ಕೇಳ್ಬಾರ್ದಾ ಆ ಅವ್ವನ್ನ? ಹತ್ತ್ ವರ್ಸ ಕಣ್ರಯ್ಯ!"

ಎಪ್ಪತ್ತು ಜನ ಒಮ್ಮೆಗೇ ಎದ್ದು ತಿಮ್ಮೇಶನ ಮನೆಯ ಕಡೆ ಹೊರಟರು. ಮುಂದೆ ಭರಣಿ ಹಿಡಿದ ರಮ್ಯ, ಪಕ್ಕದಲ್ಲಿ ಚಲುವರಾಜು.

ಸಿದ್ದಲಿಂಗಮ್ಮ ಹಿಂದಿನ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮನೆ ತುಂಬಿ, ಅಂಗಳ ತುಂಬಿ, ಬೀದಿಯವರೆಗೆ ನಿಂತ ಜನವನ್ನು ಕಂಡು ಅವರ ಕೈ ನಿಂತಿತು.

"ಯಾರ್ ಓಗ್ಬುಟ್ರು?"

"ಯಾರೂ ಓಗಿಲ್ಲ ಅವ್ವ," ಎಂದ ಚಲುವರಾಜು. "ಕರ್ಯಾಕ್ ಬಂದೀವಿ."

"ಯಾರ್ನ?"

"ನಿಮ್ಮನ್ನ."

ಆಕೆ ಒಮ್ಮೆ ಹಿಂತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು. ಆಮೇಲೆ ಎದ್ದು, ಎಡಗಾಲನ್ನು ತುಸು ಎಳೆದು ಹಾಕುತ್ತ, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ ಚಾಪೆ ತಂದು ಹಾಸಿದರು. ನೀರು ತಂದಿಟ್ಟರು. ತಾಯಿ ಹೀಗೆ ಓಡಾಡುವುದನ್ನು ತಿಮ್ಮೇಶ ದಿನವೂ ನೋಡಿದವನೇ. ಎಪ್ಪತ್ತು ಜನರ ಜೊತೆ ನಿಂತು ನೋಡಿದ್ದು ಅದೇ ಮೊದಲು.

"ನೀನು ಓಡಾಡ್ತೀಯಲ್ಲವ್ವ," ಎಂದ, ಹೊಸ ವಿಷಯ ಹೇಳುವವನಂತೆ.

"ಇಲ್ದಿದ್ರೆ ನಿಮ್ಗೆಲ್ಲಾ ಮುದ್ದೆ ಯಾರ್ಲಾ ತಿರುವಿದ್ದು? ಕಾಲ್ ಮುರ್ದಾಗ ಒಂದ್ ವರ್ಸ ನಾನೇ ಬರಾಕಿಲ್ಲ ಅಂದೆ, ನಿಜ. ಕಾಲ್ ಕೂಡ್ಕಂಡು ಒಂಬತ್ ವರ್ಸಾಯ್ತು. ಆಮ್ಯಾಕೆ ಯಾರೂ ಕೇಳ್ನಿಲ್ಲ."

"ನೀನಾರ ಯೋಳ್ಬಾರ್ದಿತ್ತಾ?"

"ಏನಂತ್ಲಾ ಯೋಳ್ಲಿ? ನನ್ನ ಕರೀರಿ ಅಂತ ಯಾರಾರಾ ಕರಸ್ಕತಾರಾ?"

ರಮ್ಯ ಮಂಡಿಯೂರಿ ಕುಂಕುಮವಿಟ್ಟಳು. ವೀಳ್ಯ ಕೊಟ್ಟಳು. ಚಲುವರಾಜು ಪೆಟ್ಟಿಗೆಯ ವಿಷಯವನ್ನು, ಜೀವನದಲ್ಲೇ ಮೊದಲ ಸಲ ಏನನ್ನೂ ಹಿಗ್ಗಿಸದೆ, ಹೇಳಿ ಮುಗಿಸಿದ. ಸಿದ್ದಲಿಂಗಮ್ಮ ಎಲ್ಲವನ್ನೂ ಕೇಳಿದರು. ಆಕೆ ವೀಳ್ಯದೆಲೆಯನ್ನು ತೊಡೆಯ ಮೇಲೆ ಒರೆಸಿ, ತಿರುಗಿಸಿ, ಮತ್ತೆ ಒರೆಸಿದರು.

"ಇವತ್ತಾಗಾಕಿಲ್ಲ," ಎಂದರು. "ನಾಳಿಕ್ ಬಂದ್ ಕರೀರಿ."

ಐದಕ್ಕೆ ಹತ್ತು ನಿಮಿಷವಿತ್ತು. ಒಪ್ಪಿಗೆಯನ್ನು ದಾಖಲಿಸುವ ಟ್ಯಾಬು ಚಲುವರಾಜುವಿನ ಕೈಯಲ್ಲೇ ಇತ್ತು. ಅದರಲ್ಲಿ ಹೌದು ಮತ್ತು ಇಲ್ಲ ಎಂಬ ಎರಡೇ ಮನೆಗಳು. ತಿಮ್ಮೇಶ ಆತನ ಕಿವಿಯಲ್ಲಿ, "ಊಂ ಅಂತ ಒತ್ಬುಡಣ್ಣ, ಅವ್ವ ಒಪ್ದಂಗೇ ಲೆಕ್ಕ" ಎಂದ. ಅನಿತ ಹೂಂ ಎಂದಳು. ಮಂಚಯ್ಯ ಹೂಂ ಎಂದರು. ಕೆಲಸ ಹೋಗುತ್ತದಲ್ಲೋ ಎಂದು ಬೋರಯ್ಯ ಪಿಸುಗುಟ್ಟಿದರು. ಹತ್ತು ವರ್ಷ ಆಕೆಯ ಪರವಾಗಿ ಊಹೂಂ ಎಂದಿದ್ದ ಬಾಯಿಗಳೆಲ್ಲ ಈಗ ಆಕೆಯ ಪರವಾಗಿ ಹೂಂ ಎನ್ನುತ್ತಿದ್ದವು.

ಚಲುವರಾಜು ಟ್ಯಾಬನ್ನು ಕಂಕುಳಿಗೆ ಸೇರಿಸಿ ಕೈಮುಗಿದ.

"ಆಯ್ತವ್ವ. ನಾಳಿಕ್ ಬತ್ತೀವಿ."

ಬೀದಿಗೆ ಬಂದವನೇ ಕೊರಳಿನ ಕಾರ್ಡನ್ನು ತೆಗೆದು, ದಾರವನ್ನು ಅದಕ್ಕೇ ಸುತ್ತಿ, ರಂಜಿತಳಿಗೆ ಚಾಚಿದ. "ತಕಳಿ ಮೇಡಂ. ಒಂದ್ ತಪ್ಪೋಯ್ತು. ನಾಳಿಕ್ ನಾನು ಸುಮ್ಕೆ ಬಂದು ಕರೀತೀನಿ. ಕರೀತೀನಿ ಅಂದ್ಬುಟ್ಟಿವ್ನಿ."

ರಂಜಿತ ಕೈ ಚಾಚಲಿಲ್ಲ.

"ಕಂಪ್ಯೂಟ್ರು ಮುಚ್ಚಾದು ಸೋಮವಾರ ಮಧ್ಯಾಹ್ನ. ಮೊದ್ಲೇ ಸೋಮವಾರ ಅಂದಿದ್ರೆ ನೀವು ಅದರ್ ಮುಂದಿನ್ ಬುಧವಾರಕ್ಕೆ ಮುಗಸ್ತಿದ್ರಿ. ನಾನೂ ಮಾಕವಳ್ಳಿಯೋಳೇ ಕಣಣ್ಣ." ಕಾರ್ಡನ್ನು ಆತನ ಕಡೆಗೇ ದೂಡಿ ಕೇಳಿದಳು. "ನಾಳೆ ಎಷ್ಟೊತ್ಗೆ ಕರ್ಯಾದು?"

ಶನಿವಾರ ಚಲುವರಾಜು, ರಮ್ಯ, ರಂಜಿತ ಮೂವರೂ ಹೋಗಿ ಕರೆದರು. ಯೋಚಿಸಿ ಹೇಳುವುದಾಗಿ ಸಿದ್ದಲಿಂಗಮ್ಮ ತಿಳಿಸಿದರು. ಅವರು ಹೊರಬರುವಾಗ ಪುಟ್ಟಗೌರಮ್ಮ ಕೈಯಲ್ಲಿ ಬಟ್ಟಲು ಹಿಡಿದು ಒಳಹೋಗುತ್ತಿದ್ದರು. ಎರಡು ವರ್ಷದ ಹಿಂದೆಯೇ ಮುಗಿದಿದ್ದ ಮೊಮ್ಮಗಳ ನಾಮಕರಣಕ್ಕೆ ಕರೆಯಲು. ಅವರ ಹಿಂದೆ ಇನ್ನಿಬ್ಬರು ಸರದಿಯಲ್ಲಿದ್ದರು. ಸಿದ್ದಲಿಂಗಮ್ಮ ಒಬ್ಬರಿಗೂ ಹೂಂ ಎನ್ನಲಿಲ್ಲ. ಹಿಂದಿನ ಪಡಸಾಲೆಯಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಪಡಸಾಲೆಗೆ ಆಕೆ ಆ ದಿನ ಎಷ್ಟು ಸಲ ಓಡಾಡಿದರೆಂಬುದಕ್ಕೆ ದಾಖಲೆಯಿಲ್ಲ. ಪೆಟ್ಟಿಗೆ ಇನ್ನೂ ಕಟ್ಟಿರಲಿಲ್ಲ. ಈ ಜಿಲ್ಲೆಯ ವಿಜ್ಞಾನಕ್ಕೆ ಆದ ನಷ್ಟಗಳಲ್ಲಿ ಇದು ದೊಡ್ಡದೆಂದು ನಾನು ಭಾವಿಸುತ್ತೇನೆ.

ಭಾನುವಾರ ಮೂರನೆಯ ಕರೆಗೆ ಹೋದಾಗ ಆಕೆ ತಲೆ ಬಾಚಿ, ನೀಲಿ ಅಂಚಿನ ಸೀರೆಯುಟ್ಟು ಜಗಲಿಯ ಮೇಲೆ ಕುಳಿತಿದ್ದರು.

"ಏನ್ಲಾ ಚಲುವ, ಇಷ್ಟೊತ್ತು? ನೀನು ಬರ್ನಿಲ್ಲ ಅಂದಿದ್ರೆ ನಾನೇ ನಿಮ್ಮನಿಗ್ ಬಂದು ಕರಸ್ಕತಿದ್ದೆ."

"ಬತ್ತೀರಾ ಅವ್ವ?"

"ಮೂರ್ ಸಲ ಕರ್ದ್ ಮ್ಯಾಲೆ ಬರಾಕಿಲ್ಲ ಅನ್ನಾಕೆ ನಾನೇನ್ ಚೌಡಯ್ಯನಾ?"

ತೂಕದ ಯಂತ್ರವನ್ನೂ ಕುರ್ಚಿಯನ್ನೂ ಮನೆಗೇ ತರುತ್ತೇವೆಂದು ರಂಜಿತ ಹೇಳಿದ್ದನ್ನು ಆಕೆ ಒಪ್ಪಲಿಲ್ಲ. ಕರೆದವರ ಜಾಗಕ್ಕೆ ತಾನೇ ಹೋಗಬೇಕು. ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಹೆಬ್ಬೆಟ್ಟು ಬೇಡವೆಂದು, ನಿಧಾನವಾಗಿ ಐದು ಅಕ್ಷರದ ಸಹಿ ಹಾಕಿದರು. ರಂಜಿತ ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿದಳು. ಸಿದ್ದಲಿಂಗಮ್ಮ ಹೊಸ್ತಿಲು ದಾಟಿದರು, ಗೇಟು ದಾಟಿದರು, ಬೀದಿಗಿಳಿದರು.

ಶಾಲೆಗೆ ಅಲ್ಲಿಂದ ಒಂಬತ್ತು ಮನೆ. ರಂಜಿತ ಗಡಿಯಾರ ನೋಡಿಕೊಂಡಿದ್ದಳು. ನಲವತ್ತು ನಿಮಿಷ ಹಿಡಿಯಿತು. ಕಾಲಿನಿಂದಾದ ತಡ ಅದರಲ್ಲಿ ಐದು ನಿಮಿಷವೂ ಇರಲಿಕ್ಕಿಲ್ಲ. ಪ್ರತಿ ಮನೆಯ ಮುಂದೆಯೂ ಯಾರಾದರೊಬ್ಬರು ಎದ್ದು ನಿಂತು ಒಳಗೆ ಕರೆಯುತ್ತಿದ್ದರು. ಪ್ರತಿ ಮನೆಯ ಮುಂದೆಯೂ ಆಕೆ ನಿಂತು, ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಆಗುವುದಿಲ್ಲವೆಂದು ಹೇಳಿ ಮುಂದೆ ಸಾಗುತ್ತಿದ್ದರು. ಕೊನೆಯ ಮನೆ ಚೌಡಯ್ಯನವರದು. ಅವರು ಜಗಲಿಯಿಂದ ಏಳದೆ, ಕೈಯೆತ್ತಿ ದೊಡ್ಡ ದನಿಯಲ್ಲಿ ಕೂಗಿದರು.

"ಸಿದ್ಲಿಂಗಕ್ಕ, ಬಾರಕ್ಕ, ಒಂದ್ ಲೋಟ ಕಾಫಿ ಕುಡ್ಕಂಡ್ ಓಗೀವಂತೆ."

ಸಿದ್ದಲಿಂಗಮ್ಮ ಬೀದಿಯ ನಡುವೆ ನಿಂತರು. ಸೆರಗನ್ನು ಹೆಗಲಿನ ಮೇಲೆ ಎಳೆದುಕೊಂಡರು.

"ಇವತ್ತಾಗಾಕಿಲ್ಲ ಕಣ್ ಚೌಡಯ್ಯ. ನಾಳಿಕ್ ಬಂದ್ ಕರಿ. ಗೇಟ್ನಲ್ಲಿ ನಿಂತ್ಕಂಡಲ್ಲ, ಒಳಿಕ್ ಬಂದ್ ಕರಿ."